ಗಾಲ್ಫ್ ಬಳಗ ಸೇರುವುದು, ಕಟ್ಟುವುದು: ಮೊದಲ ಬಕೆಟ್ ಬಾಲ್‌ನಿಂದ ಹದಿನಾರು ಜನರ ಶನಿವಾರದವರೆಗೆ

“ಕ್ಲಬ್ ಮೆಂಬರ್‌ಶಿಪ್ ಇಲ್ದೆ ಗಾಲ್ಫ್ ಆಡೋಕಾಗುತ್ತಾ ಸಾರ್?” ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನದಲ್ಲಿ, ಪರಿಚಯವಾಗುವ ಹೊಸಬರು ಕೇಳುವ ಮೊದಲ ಪ್ರಶ್ನೆ ಇದು. ಆಗುತ್ತದೆ. ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಆಡುತ್ತಿದ್ದೇನೆ, ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ನನಗಿರುವುದು ಒಂದು ಬಳಗ. ತಿಂಗಳಿಗೆ ಎರಡು ಶನಿವಾರ, ಬೆಳಕು ಹರಿಯುವ ಹೊತ್ತಿಗೆ ಮೊದಲ ಟೀ (ಆಟ ಶುರುವಾಗುವ ಜಾಗ) ಹತ್ತಿರ ಸೇರುವ ಹದಿನೈದು ಹದಿನಾರು ಜನ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ, ಸಾಫ್ಟ್‌ವೇರ್‌ನವರಿದ್ದಾರೆ, ಒಬ್ಬರು ದಂತವೈದ್ಯೆ ಇದ್ದಾರೆ, ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡವರಿದ್ದಾರೆ.

ಈ ಬಳಗ ಒಮ್ಮೆ ಮುರಿದುಬಿದ್ದು ಮತ್ತೆ ಎದ್ದಿದೆ. ಮುರಿದದ್ದು ಜಗಳದಿಂದಲ್ಲ. ಚೆನ್ನಾಗಿ ಆಡುವ ನಾಲ್ಕು ಜನ ತಮ್ಮಷ್ಟಕ್ಕೆ ಒಂದು ಫೋರ್‌ಬಾಲ್ (ಒಟ್ಟಿಗೆ ಆಡುವ ನಾಲ್ವರ ಗುಂಪು) ಮಾಡಿಕೊಂಡು ಮುಂದೆ ಹೋಗತೊಡಗಿದರು. ಹೊಸಬರು ಹಿಂದೆ ಉಳಿದರು, ಎರಡು ತಿಂಗಳಲ್ಲಿ ಬರುವುದನ್ನೇ ಬಿಟ್ಟರು. ಜನ ಕಡಿಮೆಯಾದಂತೆ ಗಾಲ್ಫ್ ಕೋರ್ಸಿನವರು ನಮಗೆ ಟೀ ಟೈಮ್ (ಆಟ ಶುರುಮಾಡುವ ನಿಗದಿತ ಹೊತ್ತು) ಕಾಯ್ದಿರಿಸುವುದನ್ನೂ ನಿಲ್ಲಿಸಿದರು. ಆಗ ಕಲಿತ ಪಾಠದ ಮೇಲೆಯೇ ಈ ಬರಹ ನಿಂತಿದೆ: ಬಳಗದಲ್ಲಿ ಎಲ್ಲರಿಗಿಂತ ಕಡಿಮೆ ಆಡುವವರಿಗೆ ಮುಂದಿನ ಶನಿವಾರವೂ ಬರಬೇಕು ಅನ್ನಿಸಬೇಕು. ದಿನ, ಜಾಗ, ದುಡ್ಡು, ಸ್ಕೋರು ಎಲ್ಲವನ್ನೂ ನಾವು ಈಗ ಇದನ್ನೇ ಮುಂದಿಟ್ಟುಕೊಂಡು ತೀರ್ಮಾನಿಸುತ್ತೇವೆ.

ಹೆಜ್ಜೆ 1: ಮೊದಲು ರೇಂಜು, ಆಮೇಲೆ ಕೋರ್ಸು

ಕ್ಲಬ್ (ಗಾಲ್ಫ್ ಕೋಲು) ಹಿಡಿದೇ ಗೊತ್ತಿಲ್ಲದವರು ನೇರವಾಗಿ ಕೋರ್ಸಿಗೆ ಇಳಿಯಬೇಡಿ. ಸದಸ್ಯರಲ್ಲದವರಿಗೂ ತೆರೆದಿರುವ ರೇಂಜ್‌ಗಳಿವೆ. ಅಲ್ಲಿ ಒಂದು ಬಕೆಟ್ ಚೆಂಡು ತೆಗೆದುಕೊಂಡು, 7 ಐರನ್ ಎಂಬ ಕ್ಲಬ್ ಒಂದನ್ನೇ ಬಾಡಿಗೆಗೆ ಪಡೆದು ಶುರುಮಾಡಿ. ಅಲ್ಲಿರುವ ಪ್ರೊ (ವೃತ್ತಿಪರ ತರಬೇತುದಾರ) ಹತ್ತಿರ ಎಂಟು ಹತ್ತು ಪಾಠ ಹೇಳಿಸಿಕೊಳ್ಳಿ. ವಿಡಿಯೋ ನೋಡಿ ತಾವೇ ಕಲಿತವರ ಕೈ ಹಿಡಿತ ತಿದ್ದುವುದು ಎಷ್ಟು ಕಷ್ಟ ಎಂದು ನಾನು ಕಂಡಿದ್ದೇನೆ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಇಲ್ಲಿ ಮಾಡಿ, ಕ್ಲಬ್ ಸೆಟ್ಟಿನ ಮೇಲಲ್ಲ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್‌ವರೆಗೆ ಇಟ್ಟುಕೊಳ್ಳಬಹುದು, ಆದರೆ ಮೊದಲ ವರ್ಷಕ್ಕೆ ಆರೇಳು ಧಾರಾಳ ಸಾಕು: ದೂರಕ್ಕೆ ಒಂದು ಹೈಬ್ರಿಡ್, ಮಧ್ಯದ ದೂರಕ್ಕೆ 7 ಮತ್ತು 9 ಐರನ್, ಹತ್ತಿರದ ಹೊಡೆತಕ್ಕೆ ಪಿಚಿಂಗ್ ವೆಡ್ಜ್, ಮರಳಿನಿಂದ ಎತ್ತಲು ಸ್ಯಾಂಡ್ ವೆಡ್ಜ್, ಗುಂಡಿಗೆ ಉರುಳಿಸಲು ಪಟರ್. ಸೆಕೆಂಡ್ ಹ್ಯಾಂಡ್ ಹಾಫ್ ಸೆಟ್ ಬೇಕಿದ್ದರೆ ಪ್ರೊ ಹತ್ತಿರವೇ ಕೇಳಿ.

ಹತ್ತು ಹೊಡೆತದಲ್ಲಿ ಆರು ಚೆಂಡು ನೆಲಬಿಟ್ಟು ಮೇಲೆದ್ದು ಹೆಚ್ಚುಕಡಿಮೆ ನೇರ ಹೋದರೆ ಕೋರ್ಸಿಗೆ ಹೋಗಬಹುದು. ಅದಕ್ಕಿಂತ ಹೆಚ್ಚು ಕಾಯುವುದೂ ಬೇಡ.

ಮನೆಯಲ್ಲಿ ಯಾರೂ ಆಡದಿದ್ದರೆ ಹಿಂಜರಿಯಬೇಕಿಲ್ಲ. ಅದಿತಿ ಅಶೋಕ್ ಅವರ ಮನೆಯಲ್ಲೂ ಆಗ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ರೇಂಜ್ ಕಾಣುವ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದಾಗ ಐದು ವರ್ಷದ ಆ ಹುಡುಗಿಗೆ ಕುತೂಹಲ ಹುಟ್ಟಿತು, ಅಪ್ಪ ಅಮ್ಮ ಕರೆದುಕೊಂಡು ಹೋದರು. ರಿಯೋ ಒಲಿಂಪಿಕ್ಸ್‌ನಲ್ಲಿ ಅಪ್ಪ ಮಗಳ ಬ್ಯಾಗ್ ಹೊತ್ತರು, ಟೋಕಿಯೋದಲ್ಲಿ ಅಮ್ಮ. 2021ರಲ್ಲಿ ನಡೆದ ಆ ಟೋಕಿಯೋ ಕೂಟದಲ್ಲಿ ಅದಿತಿ ನಾಲ್ಕನೆಯ ಸ್ಥಾನ ಪಡೆದ ಬೆಳಿಗ್ಗೆ ನಮ್ಮ ಬಳಗದವರೆಲ್ಲ ಟೀವಿ ಮುಂದೆ ಕೂತಿದ್ದೆವು.

ಹೆಜ್ಜೆ 2: ಇರುವ ಬಳಗಕ್ಕೆ ಸೇರುವುದು

ಹೊಸದಾಗಿ ಕಟ್ಟುವುದಕ್ಕಿಂತ ಇರುವುದಕ್ಕೆ ಸೇರುವುದು ಸುಲಭ. ರೇಂಜಿನ ಪ್ರೊ, ಪ್ರೊ ಶಾಪಿನವರು, ಕ್ಯಾಡಿಗಳನ್ನು (ಆಟಗಾರರ ಬ್ಯಾಗ್ ಹೊರುವವರನ್ನು) ನೋಡಿಕೊಳ್ಳುವ ಕ್ಯಾಡಿ ಮಾಸ್ಟರ್ ಈ ಮೂವರಿಗೆ ಯಾವ ದಿನ ಯಾರು ಆಡುತ್ತಾರೆ, ಯಾವ ಫೋರ್‌ಬಾಲಿನಲ್ಲಿ ಒಬ್ಬರು ಕಡಿಮೆ ಇದ್ದಾರೆ ಎಂಬುದೆಲ್ಲ ಗೊತ್ತಿರುತ್ತದೆ. ಕ್ಯಾಡಿ ಮಾಸ್ಟರ್ ಹತ್ತಿರ ನಿಮ್ಮ ನಂಬರ್ ಬರೆಸಿಡಿ. ಆಫೀಸಿನಲ್ಲೂ ವಿಚಾರಿಸಿ.

ಕೇಳುವಾಗ ನಿಮ್ಮ ಮಟ್ಟವನ್ನು ಇದ್ದ ಹಾಗೆ ಹೇಳಿ. “ನಾನು ಹೊಸಬ, ನೂರಾ ಇಪ್ಪತ್ತರ ಹತ್ತಿರ ಹೊಡೀತೀನಿ, ಆದ್ರೆ ನಿಮ್ಮನ್ನ ಕಾಯಿಸಲ್ಲ” ಎಂದರೆ ಯಾರೂ ಬೇಡ ಅನ್ನುವುದಿಲ್ಲ. (ನೂರಾ ಇಪ್ಪತ್ತು ಅಂದರೆ ಒಂದು ಸುತ್ತಿಗೆ ಬೇಕಾದ ಹೊಡೆತಗಳ ಲೆಕ್ಕ, ಕಡಿಮೆಯಾದಷ್ಟೂ ಒಳ್ಳೆಯದು.) ಗಾಲ್ಫಿಗರು ಕೆಟ್ಟ ಹೊಡೆತವನ್ನು ಸಹಿಸುತ್ತಾರೆ, ತಡಮಾಡುವುದನ್ನು ಸಹಿಸುವುದಿಲ್ಲ. ನಿಮ್ಮ ಸರದಿ ಬರುವ ಮೊದಲೇ ಯಾವ ಕ್ಲಬ್ ಎಂದು ನಿರ್ಧರಿಸಿರಿ, ಕಳೆದ ಚೆಂಡನ್ನು ಮೂರು ನಿಮಿಷಕ್ಕಿಂತ ಹೆಚ್ಚು ಹುಡುಕಬೇಡಿ. 2019ರಿಂದ ನಿಯಮವೂ ಅಷ್ಟೇ ಹೊತ್ತು ಕೊಡುತ್ತದೆ, ಮೊದಲು ಐದು ನಿಮಿಷ ಇತ್ತು. ಹಣವನ್ನು ಕೇಳುವ ಮುಂಚೆ ಕೊಡಿ. ಕಾಲರ್ ಇರುವ ಅಂಗಿ ಹಾಕಿ, ಜೀನ್ಸ್ ಬೇಡ.

ನಾಲ್ಕೈದು ಜನರ ಮನಸ್ಸು ಗೆಲ್ಲುವ ಇನ್ನೊಂದು ಕೆಲಸವಿದೆ, ಅದನ್ನು ಕೈಹಿಡಿದು ಹೇಳಿಕೊಟ್ಟ ಹಾಗೆ ಬರೆಯುತ್ತೇನೆ. ಎತ್ತರದಿಂದ ಗ್ರೀನ್ (ಗುಂಡಿಯ ಸುತ್ತಲಿನ ನುಣ್ಣನೆಯ ಹುಲ್ಲು) ಮೇಲೆ ಬಿದ್ದ ಚೆಂಡು ಅಲ್ಲಿ ಒಂದು ಗುಳಿ ಮಾಡುತ್ತದೆ. ಇದಕ್ಕೆ ಪಿಚ್ ಮಾರ್ಕ್ ಎನ್ನುತ್ತಾರೆ. ಎರಡು ಹಲ್ಲಿನ ಪುಟ್ಟ ಫೋರ್ಕನ್ನು ಗುಳಿಯ ಅಂಚಿನ ಹೊರಗೆ ಚುಚ್ಚಿ, ಹುಲ್ಲನ್ನು ಮಧ್ಯಕ್ಕೆ ತಳ್ಳಿ. ಸುತ್ತಲೂ ನಾಲ್ಕೈದು ಕಡೆ ಹೀಗೆ ಮಾಡಿ. ಕೆಳಗಿನಿಂದ ಮಣ್ಣನ್ನು ಮೀಟಿ ಮೇಲೆತ್ತಬೇಡಿ. ಎತ್ತಿದರೆ ಬೇರು ಹರಿದು ಆ ಜಾಗ ಕಂದುಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಪಟರಿನ ತಳದಿಂದ ಮೆಲ್ಲಗೆ ತಟ್ಟಿ, ಮೇಲೆ ಬೆರಳಾಡಿಸಿ ನೋಡಿ. ಸಮವಾಗಿದ್ದರೆ ಮುಗಿಯಿತು. ನಿಮ್ಮದೊಂದನ್ನು ಸರಿಮಾಡಿ, ಪಕ್ಕದಲ್ಲಿ ಬೇರೆ ಯಾರೋ ಬಿಟ್ಟುಹೋದ ಇನ್ನೊಂದನ್ನೂ ಸರಿಮಾಡಿ. ಹೊಸಬರೊಬ್ಬರು ಹೀಗೆ ಮೊಣಕಾಲೂರಿ ಎರಡನೆಯ ಗುಳಿ ಮುಚ್ಚುತ್ತಿದ್ದುದನ್ನು ನೋಡಿ ನಮ್ಮ ಹಿರಿಯರೊಬ್ಬರು ಅಲ್ಲೇ “ಮುಂದಿನ ಸಲಾನೂ ಬಾರಪ್ಪ” ಎಂದರು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಇನ್ನೂ ಸಲೀಸು. ಅಲ್ಲಿ ನಗರಸಭೆಯವರೇ ನಡೆಸುವ ಸಾರ್ವಜನಿಕ ಕೋರ್ಸ್‌ಗಳಿವೆ, ಒಬ್ಬರೇ ಹೋದರೆ ಗುಂಪುಗಳನ್ನು ಆಟಕ್ಕೆ ಬಿಡುವ ಸ್ಟಾರ್ಟರ್ ಇನ್ನೊಂದು ಗುಂಪಿಗೆ ಸೇರಿಸುತ್ತಾರೆ. ರಜೆಗೆ ಊರಿಗೆ ಬಂದಾಗ ನಮ್ಮ ಜೊತೆ ಆಡುವ ಇಬ್ಬರು ಆಟ ಕಲಿತದ್ದು ಹಾಗೆಯೇ.

ಹೆಜ್ಜೆ 3: ಹೊಸದಾಗಿ ಕಟ್ಟುವುದಾದರೆ ನಾಲ್ಕು ಜನ, ಒಂದು ದಿನ

ನಾಲ್ಕು ಜನ ಸಾಕು, ಯಾಕೆಂದರೆ ಟೀ ಟೈಮ್ ಕೊಡುವುದೇ ನಾಲ್ಕು ಜನರಿಗೆ. ಇಪ್ಪತ್ತು ಜನರ ವಾಟ್ಸಾಪ್ ಗುಂಪು ಮಾಡಿ ಆಮೇಲೆ ಆಟಗಾರರನ್ನು ಹುಡುಕಬೇಡಿ. ಆ ನಾಲ್ವರಲ್ಲಿ ಒಬ್ಬರಾದರೂ ನಿಯಮ ಚೆನ್ನಾಗಿ ಬಲ್ಲವರಿರಲಿ, ಒಬ್ಬರಾದರೂ ಹೊಸಬರಿರಲಿ.

ದಿನ ಬದಲಾಗಬಾರದು. “ಎಲ್ಲರಿಗೂ ಯಾವಾಗ ಬಿಡುವು?” ಎಂದು ಪ್ರತಿಸಲ ಕೇಳುವ ಬಳಗ ಮೂರನೆಯ ಸಲಕ್ಕೆ ನಿಲ್ಲುತ್ತದೆ. ನಾವು ಎರಡನೇ ಮತ್ತು ನಾಲ್ಕನೇ ಶನಿವಾರ ಇಟ್ಟುಕೊಂಡೆವು, ಬ್ಯಾಂಕಿನವರಿಗೆ ಅವೆರಡು ರಜೆ. ಬಂದವರು ಆಡುತ್ತಾರೆ, ಬಾರದವರಿಗೆ ಮುಂದಿನದಿದೆ. ಮದುವೆ, ಗೃಹಪ್ರವೇಶ, ಮಕ್ಕಳ ಪರೀಕ್ಷೆ ಎಲ್ಲರಿಗೂ ಇರುತ್ತವೆ, ಅದಕ್ಕಾಗಿ ದಿನ ಸರಿಸಬೇಡಿ.

ಹೆಜ್ಜೆ 4: ಜಾಗ ಮತ್ತು ಟೀ ಟೈಮ್

ಕರ್ನಾಟಕದ ಗಾಲ್ಫ್ ಹಳೆಯದು. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ದೊಮ್ಮಲೂರಿನ ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಕೋರ್ಸಿನ ವಿನ್ಯಾಸ ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅವರದು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ನಂದಿ ಬೆಟ್ಟದ ಕಡೆ ಪ್ರೆಸ್ಟೀಜ್ ಗಾಲ್ಫ್‌ಶೈರ್, ಬಿಡದಿಯಲ್ಲಿ ಈಗಲ್‌ಟನ್, ಮಂಗಳೂರಿನವರಿಗೆ ಪಿಲಿಕುಳ, ಕೊಡಗಿನಲ್ಲಿ ಮಡಿಕೇರಿಯ ಮರ್ಕೇರಾ ಡೌನ್ಸ್ ಮತ್ತು ವಿರಾಜಪೇಟೆ ಹತ್ತಿರ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್.

ಎಲ್ಲೆಡೆ ನಿಯಮ ಒಂದೇ ಅಲ್ಲ. ಕೆಲವು ಕಡೆ ಸದಸ್ಯರ ಅತಿಥಿಯಾಗಿ ಮಾತ್ರ ಹೋಗಬೇಕು, ಕೆಲವು ಕಡೆ ಗ್ರೀನ್ ಫೀ (ಆಡುವ ಶುಲ್ಕ) ಕಟ್ಟಿ ಆಡಬಹುದು, ಹಲವು ಕಡೆ ಶನಿವಾರ ಭಾನುವಾರದ ಬೆಳಗಿನ ಹೊತ್ತು ಸದಸ್ಯರಿಗೇ ಮೀಸಲು. ಸೋಮವಾರ ಅನೇಕ ಕೋರ್ಸ್‌ಗಳು ನಿರ್ವಹಣೆಗಾಗಿ ಮುಚ್ಚಿರುತ್ತವೆ. ಫೋನ್ ಮಾಡಿದಾಗ ಕೇಳಬೇಕಾದದ್ದು ಇಷ್ಟು: ಹೊರಗಿನವರಿಗೆ ಯಾವ ದಿನ, ಯಾವ ಹೊತ್ತು, ಗ್ರೀನ್ ಫೀಯಲ್ಲಿ ಕ್ಯಾಡಿ, ಕಾರ್ಟ್, ತೆರಿಗೆ ಸೇರಿದೆಯೇ, ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ (ಆಟದ ಮಟ್ಟ ತೋರಿಸುವ ದಾಖಲೆ) ಬೇಕೇ, ರದ್ದುಮಾಡಿದರೆ ಎಷ್ಟು ಹೋಗುತ್ತದೆ, ಮಳೆ ಬಂದರೆ ಏನು.

ಹದಿನಾರು ಜನರಿದ್ದರೆ ನಾಲ್ಕು ಟೀ ಟೈಮ್ ಬೇಕು. ಹತ್ತು ನಿಮಿಷದ ಅಂತರದಲ್ಲಿ ಆರೂವರೆಗೆ ಮೊದಲನೆಯದು ಹೊರಟರೆ ಏಳಕ್ಕೆ ಕೊನೆಯದು. ಹದಿನೆಂಟು ಹೋಲಿಗೆ (ಟೀಯಿಂದ ಗುಂಡಿಯವರೆಗಿನ ಆಟ ಒಂದು ಹೋಲ್) ನಾಲ್ಕೂಕಾಲು ಗಂಟೆ ಹಿಡಿಯಿರಿ, ಹನ್ನೊಂದೂಕಾಲಿಗೆ ಎಲ್ಲರೂ ಒಳಗೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಸುಮಾರಿಗೆ, ನಂದಿ ಕಡೆ ಮಂಜೂ ಇರುತ್ತದೆ, ಆಗ ಅರ್ಧ ಗಂಟೆ ತಡವಾಗಿ ಇಟ್ಟುಕೊಳ್ಳಿ. ಹೊಸಬರು ಹೆಚ್ಚಿರುವ ದಿನ ಒಂಬತ್ತೇ ಹೋಲ್ ಆಡಿ. ದಣಿದು ಹತಾಶರಾಗಿ ಮುಗಿಸುವುದಕ್ಕಿಂತ ಇನ್ನೂ ಆಡಬೇಕಿತ್ತು ಅನ್ನಿಸಿಕೊಂಡು ಹೊರಡುವುದು ಒಳ್ಳೆಯದು.

ಹೆಜ್ಜೆ 5: ದುಡ್ಡಿನ ವಿಷಯ

ಎರಡನೆಯ ವರ್ಷ ನಾವು ಊರಾಚೆಯ ಒಂದು ಕೋರ್ಸಿಗೆ ಹೋಗಲು ಹನ್ನೆರಡು ಜನರ ಹೆಸರು ಕೊಟ್ಟಿದ್ದೆವು. ಹನ್ನೆರಡು ಜನವೂ “ಬರ್ತೀನಿ” ಎಂದಿದ್ದರು. ಆ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಇಳಿದವರು ಏಳು. ಒಬ್ಬರಿಗೆ ಮಗುವಿನ ಜ್ವರ, ಒಬ್ಬರು ಎದ್ದಿರಲಿಲ್ಲ, ಮೂವರು ಫೋನ್ ಎತ್ತಲಿಲ್ಲ. ಕೋರ್ಸಿನವರು ಹನ್ನೆರಡರ ಲೆಕ್ಕ ಹಾಕಿದರು, ಅದು ಅವರ ತಪ್ಪಲ್ಲ. ಆ ಐದು ಜನರ ಹಣವನ್ನು ಹೊತ್ತವರು ಅಂದು ಬುಕ್ ಮಾಡಿದ್ದ ನಮ್ಮ ಬ್ಯಾಂಕಿನ ಗೆಳೆಯರು. ಅವರು ಏನೂ ಅನ್ನಲಿಲ್ಲ, ಆದರೆ ಮತ್ತೆ ನಾಲ್ಕು ತಿಂಗಳು ಬುಕ್ ಮಾಡುವ ಗೋಜಿಗೆ ಹೋಗಲಿಲ್ಲ.

ಅಂದಿನಿಂದ ಬುಧವಾರ ರಾತ್ರಿ ಒಂಬತ್ತರೊಳಗೆ ಯುಪಿಐಯಲ್ಲಿ ಹಣ ಬಂದವರ ಹೆಸರು ಮಾತ್ರ ಪಟ್ಟಿಗೆ. ಗುರುವಾರದ ಮೇಲೆ ಬರಲಾಗದಿದ್ದರೆ ತಮ್ಮ ಬದಲಿಗೆ ಒಬ್ಬರನ್ನು ಕಳಿಸಬೇಕು, ಇಲ್ಲವೇ ಹಣ ಬಿಡಬೇಕು. ಗೆಳೆತನದಲ್ಲಿ ಇದೆಲ್ಲ ಬಿಗಿ ಅನ್ನಿಸಬಹುದು. ಒಬ್ಬರ ಮೇಲೆ ಭಾರ ಹೇರುವುದಕ್ಕಿಂತ ಇದು ಮೇಲು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪ್ರತಿ ಆಟಕ್ಕೆ ತಲೆಗೆ ನೂರು ರೂಪಾಯಿ ಹೆಚ್ಚು ಎತ್ತಿ ಬಳಗದ ನಿಧಿಗೆ ಹಾಕುತ್ತೇವೆ. ಬಹುಮಾನದ ಚೆಂಡು, ವರ್ಷದ ಊಟ ಅದರಿಂದಲೇ. ಲೆಕ್ಕವೆಲ್ಲ ಕೆಂಪು ಬಟ್ಟೆ ರಟ್ಟಿನ ಒಂದು ಉದ್ದ ಪುಸ್ತಕದಲ್ಲಿದೆ, ಆಟ ಮುಗಿದ ಮೇಲೆ ತಿಂಡಿ ಮೇಜಿನ ಮೇಲೆ ಅದು ತೆರೆದೇ ಇರುತ್ತದೆ.

ಆಟದ ಮೇಲೆ ಹಣ ಕಟ್ಟುವುದು ನಮ್ಮಲ್ಲಿಲ್ಲ. ಸೋತವರು ಕಾಫಿ ಕೊಡಿಸಲಿ, ಒಂದು ಹೊಸ ಚೆಂಡು ಕೊಡಲಿ, ಅದಕ್ಕಿಂತ ಮುಂದೆ ಹೋಗಬೇಡಿ.

ಹೆಜ್ಜೆ 6: ಹ್ಯಾಂಡಿಕ್ಯಾಪ್ ಮತ್ತು ಸ್ಕೋರು

ಇಲ್ಲಿ ಸಮಯ ಕೊಟ್ಟು ಓದಿ, ಬಳಗ ಉಳಿಯುವುದು ಇದರಿಂದ. ಎಂಬತ್ತು ಹೊಡೆಯುವವರೂ ನೂರಾ ಹತ್ತು ಹೊಡೆಯುವವರೂ ಒಂದೇ ಬೆಳಿಗ್ಗೆ ಸರಿಸಮ ಸ್ಪರ್ಧಿಸಬಲ್ಲ ಆಟ ಇದು, ಅದಕ್ಕೆ ಕಾರಣ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟಕ್ಕೆ ತಕ್ಕಂತೆ ಸ್ಕೋರಿನಲ್ಲಿ ಕಳೆಯುವ ಹೊಡೆತಗಳು.

2020ರಿಂದ ಜಗತ್ತಿನಾದ್ಯಂತ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಜಾರಿಗೆ ಬಂದಿದೆ. 54 ಹೋಲ್‌ಗಳ ಸ್ಕೋರ್ ಕೊಟ್ಟರೆ ಮೊದಲ ಇಂಡೆಕ್ಸ್ (ನಿಮ್ಮ ಆಟದ ಮಟ್ಟದ ಅಂಕಿ) ಸಿಗುತ್ತದೆ. ಗರಿಷ್ಠ ಮಿತಿ 54.0. ಇಪ್ಪತ್ತು ಸುತ್ತು ಆಡಿದ ಮೇಲೆ, ಕೊನೆಯ ಇಪ್ಪತ್ತರಲ್ಲಿ ಒಳ್ಳೆಯ ಎಂಟರ ಸರಾಸರಿ ತೆಗೆಯುತ್ತಾರೆ. ಈ ಇಂಡೆಕ್ಸನ್ನು ಕೋರ್ಸಿನ ಕಷ್ಟಕ್ಕೆ ಹೊಂದಿಸಬೇಕು: ಇಂಡೆಕ್ಸನ್ನು ಕೋರ್ಸಿನ ಸ್ಲೋಪ್ ರೇಟಿಂಗ್‌ನಿಂದ (ಸಾಮಾನ್ಯ ಆಟಗಾರರಿಗೆ ಅದು ಎಷ್ಟು ಹೆಚ್ಚು ಕಷ್ಟ ಎಂಬ ಅಂಕಿ) ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಲ್ಲಿ (ನುರಿತವರಿಂದ ನಿರೀಕ್ಷಿಸುವ ಸ್ಕೋರ್) ಪಾರ್ (ಕೋರ್ಸಿಗೆ ಗೊತ್ತುಮಾಡಿದ ಹೊಡೆತಗಳ ಸಂಖ್ಯೆ) ಕಳೆದು ಬಂದದ್ದನ್ನು ಅದಕ್ಕೆ ಸೇರಿಸಬೇಕು. ಉದಾಹರಣೆಗೆ ಇಂಡೆಕ್ಸ್ 20.0, ಸ್ಲೋಪ್ 128, ಕೋರ್ಸ್ ರೇಟಿಂಗ್ 71.2, ಪಾರ್ 72 ಅಂದುಕೊಳ್ಳಿ. 22.65ರಲ್ಲಿ 0.8 ಕಳೆದು 21.85, ಅಂದರೆ ಅಂದಿನ ಹ್ಯಾಂಡಿಕ್ಯಾಪ್ 22.

ಬಳಗದಲ್ಲಿ ಅರ್ಧ ಜನರಿಗೆ ಅಧಿಕೃತ ಹ್ಯಾಂಡಿಕ್ಯಾಪ್ ಇರುವುದಿಲ್ಲ. ಅಂಥ ದಿನಕ್ಕೆ ನಮ್ಮ ದೇಶದ ಕಾರ್ಪೊರೇಟ್ ಕೂಟಗಳಲ್ಲಿ ಬಳಸುವ ಡಬಲ್ ಪಿಯೋರಿಯಾ ಅನುಕೂಲ. ಆಡದ ಒಬ್ಬರು ಹನ್ನೆರಡು ಹೋಲ್‌ಗಳನ್ನು, ಮೊದಲರ್ಧದಿಂದ ಆರು, ಎರಡನೇ ಅರ್ಧದಿಂದ ಆರು, ಅವುಗಳ ಪಾರ್ ಒಟ್ಟು 48 ಆಗುವಂತೆ, ಗುಟ್ಟಾಗಿ ಬರೆದಿಡುತ್ತಾರೆ. ಆಟ ಮುಗಿದ ಮೇಲೆ ಆ ಹನ್ನೆರಡು ಹೋಲ್‌ಗಳ ನಿಮ್ಮ ಸ್ಕೋರ್ ಕೂಡಿಸಿ ಒಂದೂವರೆಯಿಂದ ಗುಣಿಸಿ, ಕೋರ್ಸಿನ ಪಾರ್ ಆದ 72 ಕಳೆದು, ಉಳಿದದ್ದರ ಶೇಕಡಾ 80 ತೆಗೆದರೆ ಅಂದಿನ ಹ್ಯಾಂಡಿಕ್ಯಾಪ್. ಹನ್ನೆರಡರಲ್ಲಿ 68 ಹೊಡೆದಿದ್ದರೆ 102, ಕಳೆದರೆ 30, ಶೇಕಡಾ 80 ಎಂದರೆ 24. ಒಟ್ಟು 101 ಹೊಡೆದವರ ನೆಟ್ ಸ್ಕೋರ್, ಅಂದರೆ ಹ್ಯಾಂಡಿಕ್ಯಾಪ್ ಕಳೆದ ಸ್ಕೋರ್, 77. ಯಾವ ಹೋಲ್ ಗುಟ್ಟಿನದು ಎಂದು ಗೊತ್ತಿಲ್ಲದ್ದರಿಂದ ಎಲ್ಲರೂ ಕೊನೆಯವರೆಗೆ ಮನಸ್ಸಿಟ್ಟು ಆಡುತ್ತಾರೆ. ಅದೃಷ್ಟದ ಪಾಲೂ ಇದೆ, ಹಾಗಾಗಿ ಮೂರು ನಾಲ್ಕು ತಿಂಗಳ ಮೇಲೆ ಪುಸ್ತಕದಲ್ಲಿರುವ ಸ್ಕೋರ್‌ಗಳಿಂದ ಬಳಗದ್ದೇ ಹ್ಯಾಂಡಿಕ್ಯಾಪ್ ಮಾಡಿಕೊಳ್ಳಿ.

ದಿನನಿತ್ಯದ ಆಟಕ್ಕೆ ನನ್ನ ಆಯ್ಕೆ ಸ್ಟೇಬಲ್‌ಫೋರ್ಡ್. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲೆಂಡಿನ ವೈದ್ಯರು ರೂಪಿಸಿದ ಈ ಪದ್ಧತಿಯ ಮೊದಲ ಸ್ಪರ್ಧೆ 1932ರಲ್ಲಿ ವಾಲಸೀಯಲ್ಲಿ ನಡೆಯಿತು. ನೆಟ್ ಪಾರ್ ಮಾಡಿದರೆ ಎರಡು ಅಂಕ, ಬರ್ಡಿಗೆ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮೂರು, ಬೋಗಿಗೆ (ಒಂದು ಹೆಚ್ಚು) ಒಂದು, ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಹ್ಯಾಂಡಿಕ್ಯಾಪ್ 27 ಇರುವವರಿಗೆ ಪ್ರತಿ ಹೋಲಿಗೆ ಒಂದು ಹೊಡೆತ ರಿಯಾಯಿತಿ, ಕಷ್ಟದ ಒಂಬತ್ತು ಹೋಲ್‌ಗಳಲ್ಲಿ ಎರಡು. ಆ ಒಂಬತ್ತರಲ್ಲಿ ಒಂದು ಪಾರ್ 4ನ್ನು ಆರಕ್ಕೆ ಮುಗಿಸಿದರೆ ಎರಡು ಅಂಕ. ಏಳು ಹೊಡೆದರೂ ಚೆಂಡು ಗುಂಡಿಗೆ ಬೀಳಲಿಲ್ಲವೇ? ಅಲ್ಲಿ ಇನ್ನು ಅಂಕ ಬರುವುದಿಲ್ಲ, ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಟೀಗೆ ನಡೆಯಿರಿ. ಒಂದು ಹೋಲ್ ಕೆಟ್ಟರೆ ಇಡೀ ಬೆಳಗು ಕೆಡುವುದಿಲ್ಲ, ಹಿಂದಿನವರು ಕಾಯಬೇಕಿಲ್ಲ. ನಮ್ಮ ದಂತವೈದ್ಯೆ ಸೇರಿದ ಐದನೆಯ ತಿಂಗಳು 38 ಅಂಕ ತೆಗೆದು ಆ ದಿನದ ಮೊದಲ ಬಹುಮಾನ, ಮೂರು ಚೆಂಡಿನ ಒಂದು ಪುಟ್ಟ ಪೆಟ್ಟಿಗೆ, ಗೆದ್ದರು. ಇಪ್ಪತ್ತು ವರ್ಷದಿಂದ ಆಡುತ್ತಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಪೆಟ್ಟಿಗೆಯನ್ನು ಅವರು ಇನ್ನೂ ಒಡೆದಿಲ್ಲ.

ಹೆಜ್ಜೆ 7: ಆ ಬೆಳಿಗ್ಗೆ

ಫೋರ್‌ಬಾಲ್‌ಗಳನ್ನು ಹಿಂದಿನ ರಾತ್ರಿಯೇ ಚೀಟಿ ಎತ್ತಿ ಮಾಡಿ. ನಾಲ್ಕು ಡಬ್ಬಿ ಇಟ್ಟುಕೊಳ್ಳಿ: ಕಡಿಮೆ ಹ್ಯಾಂಡಿಕ್ಯಾಪಿನವರದೊಂದು, ಮಧ್ಯದವರದೆರಡು, ಹೊಸಬರದೊಂದು. ಒಂದೊಂದರಿಂದ ಒಂದು ಚೀಟಿ ಎತ್ತಿದರೆ ಪ್ರತಿ ಗುಂಪಿಗೂ ದಾರಿ ತೋರಿಸುವವರೊಬ್ಬರು ಸಿಗುತ್ತಾರೆ. ನಮ್ಮ ಬಳಗವನ್ನು ಮತ್ತೆ ನಿಲ್ಲಿಸಿದ್ದು ಈ ಡಬ್ಬಿಗಳೇ.

ಅರ್ಧ ಗಂಟೆ ಮುಂಚೆ ಬನ್ನಿ. ಯಾರು ಸಿದ್ಧರಿದ್ದಾರೋ ಅವರು ಮೊದಲು ಹೊಡೆಯಲಿ, ದೂರದವರೇ ಮೊದಲು ಎಂದು ಕಾಯಬೇಡಿ, ಸುರಕ್ಷಿತವಾಗಿದ್ದರೆ ಸಾಕು. ಕೇಳದೆ ಯಾರಿಗೂ ಸ್ವಿಂಗ್ ಪಾಠ ಹೇಳಬೇಡಿ. ಹೊಸಬರನ್ನು ಓಡಿಸುವುದು ಕೆಟ್ಟ ಹೊಡೆತವಲ್ಲ, ಪ್ರತಿ ಹೊಡೆತಕ್ಕೂ ಮೂರು ಕಡೆಯಿಂದ ಬರುವ ಸಲಹೆ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ಸಿಡಿಲಿನ ಎಚ್ಚರಿಕೆಯ ಸೈರನ್ನಿಗೆ ಕಿವಿಗೊಡಿ. ಒಂದೇ ಉದ್ದ ಕೂಗು ಅಂದರೆ ಆ ಕ್ಷಣವೇ ಆಟ ನಿಲ್ಲಿಸಬೇಕು, ಪಟ್ ಮುಗಿಸಿಬಿಡೋಣ ಅನ್ನಬಾರದು. ಮರದ ಕೆಳಗೂ ನಿಲ್ಲಬೇಡಿ.

ಹೆಜ್ಜೆ 8: ಕ್ಯಾಡಿಗಳು

ಬಳಗ ಕಟ್ಟುವಾಗ ನಾವು ಮರೆಯುವ ಜನ ಇವರು. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ಬಿಡದಿ ಕಡೆಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಕೂಡ ಅಂಥದೇ ಹಿನ್ನೆಲೆಯಿಂದ ವೃತ್ತಿಪರ ಆಟಗಾರರಾದರು. ನಿಮ್ಮ ಬ್ಯಾಗ್ ಹೊತ್ತವರಿಗೆ ಆ ಕೋರ್ಸಿನ ಪ್ರತಿ ಇಳಿಜಾರೂ ಗೊತ್ತು.

ಕ್ಲಬ್ ಗೊತ್ತುಮಾಡಿದ ಕ್ಯಾಡಿ ಫೀಯಲ್ಲಿ ಚೌಕಾಸಿ ಬೇಡ, ಟಿಪ್ಸ್ ಎಷ್ಟೆಂದು ಬಳಗವೇ ಮೊದಲು ನಿರ್ಧರಿಸಿ ಎಲ್ಲರೂ ಅಷ್ಟೇ ಕೊಡಿ, ಒಬ್ಬರು ಹೆಚ್ಚು ಒಬ್ಬರು ಕಡಿಮೆ ಕೊಟ್ಟರೆ ಅವರಲ್ಲೇ ಮನಸ್ತಾಪ. ಹೆಸರು ಕೇಳಿ, ಹೆಸರಿಟ್ಟು ಕರೆಯಿರಿ. ಹಾಫ್‌ವೇಯಲ್ಲಿ (ಒಂಬತ್ತು ಹೋಲ್ ಮುಗಿದಾಗ) ನೀವು ಕಾಫಿ ಕುಡಿಯುವಾಗ ಅವರಿಗೂ ಹೇಳಿ. ನನ್ನ ಪಟ್ಟಿಂಗ್ ಸುಧಾರಿಸಿದ್ದು ಒಬ್ಬ ಹಿರಿಯ ಕ್ಯಾಡಿಯ ಒಂದು ಮಾತಿನಿಂದ: “ಗುಂಡಿ ನೋಡ್ಬೇಡಿ ಸಾರ್, ಚೆಂಡು ಎಲ್ಲಿ ತಿರುಗುತ್ತೆ ಆ ಜಾಗ ನೋಡಿ, ಅಲ್ಲಿಗ್ ಹೊಡೀರಿ.” ಶಾಲೆ ಶುರುವಾಗುವ ಜೂನ್‌ನಲ್ಲಿ ನಿಧಿಯಿಂದ ಒಂದಷ್ಟು ಅವರ ಮಕ್ಕಳ ನೋಟ್‌ಬುಕ್ಕಿಗೆ ಹೋಗುತ್ತದೆ, ಕ್ಯಾಡಿ ಮಾಸ್ಟರ್ ಮೂಲಕ.

ಹೆಜ್ಜೆ 9: ಬಳಗ ಬೆಳೆದಾಗ

ಹದಿನಾರು ದಾಟಿದರೆ ಮುಖಪರಿಚಯ ಸಡಿಲವಾಗುತ್ತದೆ, ಟೀ ಟೈಮೂ ಸಿಗುವುದಿಲ್ಲ. ನಾವು ಅಲ್ಲಿಗೆ ನಿಲ್ಲಿಸಿದ್ದೇವೆ. ಹೆಚ್ಚಾದವರಿಗೆ ಇನ್ನೊಂದು ಬಳಗ ಶುರುಮಾಡಲು ಒಬ್ಬರು ಹಳಬರು ಆರು ತಿಂಗಳು ಜೊತೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ, ಬೆಟ್ಟ ನೋಡುತ್ತಾ ಆಡಿ, ರಾತ್ರಿ ಮನೆಯವರ ಜೊತೆ ಊಟ. ಮನೆಯವರು ಬಳಗದ ಮುಖಗಳನ್ನು ನೋಡಿದ ಮೇಲೆ ಶನಿವಾರ ಬೆಳಿಗ್ಗೆ ನಾಲ್ಕೂಮುಕ್ಕಾಲರ ಅಲಾರಾಂಗೆ ತಕರಾರು ಕಡಿಮೆಯಾಗುತ್ತದೆ.

ಸಂಚಾಲಕರು ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಒಬ್ಬರೇ ಹೊತ್ತರೆ ಅವರು ದಣಿಯುತ್ತಾರೆ, ಉಳಿದವರು ಅತಿಥಿಗಳಾಗುತ್ತಾರೆ. ಕಳೆದ ಯುಗಾದಿಗೆ ನಮ್ಮ ಕೆಂಪು ಪುಸ್ತಕ ದಂತವೈದ್ಯೆಯ ಕೈಗೆ ಹೋಯಿತು. ಜೊತೆಗೆ ಹೋದದ್ದು ನಾಲ್ಕು ಡಬ್ಬಿ, ಕೋರ್ಸ್‌ಗಳ ಫೋನ್ ನಂಬರಿನ ಪಟ್ಟಿ, ನಿಧಿಯಲ್ಲಿ ಉಳಿದಿದ್ದ ಹಣ ಮತ್ತು ಹೊಸಬರಿಗೆ ಎರವಲು ಕೊಡಲು ಇಟ್ಟಿರುವ ಒಂದು ಹಳೆಯ ಹಾಫ್ ಸೆಟ್. ಅದರ ಪಟರಿಗೆ ಅವರು ಮೊನ್ನೆ ಹೊಸ ಗ್ರಿಪ್ ಹಾಕಿಸಿದ್ದಾರೆ.